ಹೊಳೆಯಲ್ಲಿ ಪಿವಿಎ ಬ್ಯಾಗ್ ಸರಿಯಾಗಿ ಕರಗುತ್ತಿಲ್ಲ, ಕೊಕ್ಕೆಗೆ ಲೋಳೆ ಅಂಟಿಕೊಂಡು ಬರುತ್ತಿದೆ

ಹೊಸಗಾಳ:
ಎಲ್ಲರಿಗೂ ನಮಸ್ಕಾರ. ಗಾಳ ಹಾಕುವಾಗ ಕೆರೆಯಲ್ಲಿ ಪಿವಿಎ ಬ್ಯಾಗ್ (ಮೀನಿನ ಮೇವು ತುಂಬಿ ಕೊಕ್ಕೆಯ ಜೊತೆ ಎಸೆಯುವ, ನೀರಿನಲ್ಲಿ ಕರಗುವ ಚೀಲ) ಬಳಸಿ ರೂಢಿಯಿದೆ, ಹರಿಯುವ ನೀರಿನಲ್ಲಿ ಇದೇ ಮೊದಲು. ಮೂರು ಸಲ ಹೋದೆ, ಮೂರೂ ಸಲ ಎಡವಟ್ಟು.

ಮೆಶ್‌ನಲ್ಲಿ (ಬಲೆಯಂಥ ಪಿವಿಎ ಬಟ್ಟೆ) ಪೆಲೆಟ್ (ಮೇವಿನ ಗುಳಿಗೆ) ಜೊತೆ ಡಬ್ಬಿಯ ಸ್ವೀಟ್‌ಕಾರ್ನ್ ತುಂಬಿ, ಗಂಟು ಹಾಕಿ, ಆ ಗಂಟಿಗೇ ಕೊಕ್ಕೆ ಸಿಕ್ಕಿಸಿ ಎಸೆಯುತ್ತೇನೆ. ಅರ್ಧದಷ್ಟು ಬ್ಯಾಗ್ ಗಾಳಿಯಲ್ಲೇ ಒಡೆದು ಚೆಲ್ಲಾಪಿಲ್ಲಿ. ನೀರು ಮುಟ್ಟಿದವೂ ಪೂರ್ತಿ ಕರಗುವುದಿಲ್ಲ. ಹತ್ತು ನಿಮಿಷ ಬಿಟ್ಟು ಎಳೆದರೆ ಕೊಕ್ಕೆಯ ಮೊನೆಗೆ ಸಿಂಬಳದಂಥ ಲೋಳೆ! ಮನೆಯಲ್ಲಿ ಲೋಟದ ನೀರಿಗೆ ಹಾಕಿದಾಗ ಒಂದು ನಿಮಿಷದೊಳಗೆ ಮಾಯವಾಗಿತ್ತು. ಹಳೇ ಸರಕು ಕೊಟ್ಟುಬಿಟ್ಟರಾ ಅಂತ ಅನುಮಾನ.

ದಡದವ:
ಸರಕಿನ ತಪ್ಪು ಅನ್ನಿಸುತ್ತಿಲ್ಲ. ಒಂದೇ ಮೆಶ್ ಗಾಳಿಯಲ್ಲಿ ಬೇಗ ಕರಗಿ ನೀರಿನಲ್ಲಿ ಕರಗುವುದಿಲ್ಲ ಅಂದರೆ ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ.

ಮೊದಲನೆಯದಕ್ಕೆ ಕಾರಣ ಕಾರ್ನ್. ಪಿವಿಎ ಅಂದರೆ ಪಾಲಿವಿನೈಲ್ ಆಲ್ಕೋಹಾಲ್, ನೀರು ತಗುಲಿದರೆ ಸಾಕು ಮೆತ್ತಗಾಗುತ್ತದೆ. ಡಬ್ಬಿಯ ಕಾಳನ್ನು ಎಷ್ಟೇ ಸೋಸಿದರೂ ಪಸೆ ಇದ್ದೇ ಇರುತ್ತದೆ. ನೀವು ರಾಡ್ ಎತ್ತುವ ಹೊತ್ತಿಗೆ ಮೆಶ್ ಒಳಗಿನಿಂದಲೇ ಸೋತಿರುತ್ತದೆ. ಕಾಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಉಪ್ಪಿನಲ್ಲಿ ಹೊರಳಿಸಿ ತುಂಬಿ. ಗಟ್ಟಿ ಉಪ್ಪುನೀರಿನಲ್ಲಿ ಪಿವಿಎ ಕರಗುವುದಿಲ್ಲ, ಅದಕ್ಕೇ ಈ ಉಪಾಯ. ನಾನಂತೂ ಹೊಳೆಗೆ ಹೋಗುವಾಗ ಕಾರ್ನ್ ಬಿಟ್ಟು ಬರೀ ಪೆಲೆಟ್ ಒಯ್ಯುತ್ತೇನೆ, ಯಾರಿಗೆ ಬೇಕು ಆ ತಾಪತ್ರಯ. ವಾಸನೆ ಬೇಕೆನಿಸಿದರೆ ಎಣ್ಣೆ ಸವರಿ, ಎಣ್ಣೆಯಿಂದ ಮೆಶ್‌ಗೆ ಏನೂ ಆಗುವುದಿಲ್ಲ. ಕೈ ಒಣಗಿರಲಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಲೋಳೆಯ ಮಾತಿಗೆ ಬರೋಣ. ಮನೆಯ ಲೋಟದ ನೀರು ಎಷ್ಟು ಬೆಚ್ಚಗಿತ್ತು, ಹೊಳೆ ನೀರು ಎಷ್ಟು ತಣ್ಣಗಿತ್ತು? ನೀರು ತಣ್ಣಗಾದಷ್ಟೂ ಕರಗುವುದು ನಿಧಾನ.

ಹೊಸಗಾಳ:
ಇವತ್ತು ಥರ್ಮಾಮೀಟರ್ ಇಳಿಬಿಟ್ಟು ನೋಡಿದೆ. ಹೊಳೆ 8 ಡಿಗ್ರಿ, ಮನೆ ನಲ್ಲಿ ನೀರು 22! ಆದರೆ ಒಂದು ಒಗಟು ಉಳಿಯಿತು. ಹೊಳೆಯಲ್ಲೂ ಪೆಲೆಟ್ ಎಲ್ಲಾ ಹೊರಗೆ ಬಿದ್ದಿರುತ್ತದೆ, ಕೊಕ್ಕೆಯ ಹತ್ತಿರ ಮಾತ್ರ ಲೋಳೆ.

ಮಡುವಿನಮೀನು:
ಒಗಟು ನಿಮ್ಮ ಗಂಟಿನಲ್ಲೇ ಇದೆ. ಬ್ಯಾಗಿನ ಮೈಯಲ್ಲಿ ಮೆಶ್ ಒಂದೇ ಪದರ. ಗಂಟಿನಲ್ಲಿ ಅದೇ ಮೆಶ್ ಹತ್ತಾರು ಪದರವಾಗಿ ಬಿಗಿದಿರುತ್ತದೆ. ಹೊರಪದರ ಮೊದಲು ಅಂಟಾಗಿ ಒಳಗೆ ನೀರು ಹೋಗದಂತೆ ತಡೆಯುತ್ತದೆ. ಬೆಚ್ಚನೆ ನೀರಿನಲ್ಲಿ ಅದೂ ಕರಗಿಬಿಡುವುದರಿಂದ ಮನೆಯಲ್ಲಿ ನಿಮಗೆ ಕಾಣಿಸಿಲ್ಲ. ಅಂಥ ಗಂಟಿಗೇ ಕೊಕ್ಕೆ ಚುಚ್ಚಿದರೆ ಕೊನೆಗೆ ಕರಗುವ ಜಾಗ ಮೊನೆಯ ಮೇಲೆ ಕೂತ ಹಾಗೆ.

ಗಂಟು ಒಂದೇ ಸಾಕು, ಬಾಲವನ್ನು ಗಂಟಿನ ಬುಡದವರೆಗೂ ಕತ್ತರಿಸಿ. ಕೊಕ್ಕೆಯನ್ನು ಬ್ಯಾಗಿನ ಪಕ್ಕೆಗೆ, ಒಂದೇ ಪದರಕ್ಕೆ ತಗುಲುವಂತೆ ಮೇಲುಮೇಲೆ ಸಿಕ್ಕಿಸಿ. ಪರೀಕ್ಷೆಯನ್ನು ಹೊಳೆಯದೇ ನೀರು ತುಂಬಿದ ಬಕೆಟ್‌ನಲ್ಲಿ, ಕೊಕ್ಕೆ ಸಮೇತ ಮಾಡಿ. ತಣ್ಣೀರಿಗೆಂದೇ ಬೇಗ ಕರಗುವ ಮೆಶ್ ಕೂಡ ಸಿಗುತ್ತದೆ, ಆದರೆ ಅದಕ್ಕೆ ದುಡ್ಡು ಹಾಕುವ ಮೊದಲು ಗಂಟು ಸರಿಮಾಡಿ ನೋಡಿ.

ಇನ್ನೊಂದು ಪ್ರಶ್ನೆ. ಗಾಳ ಮುಳುಗಿಸುವ ಸೀಸದ ತೂಕ ಎಷ್ಟು ಗ್ರಾಂ? ಬ್ಯಾಗ್ ಎಷ್ಟು ದೊಡ್ಡದು?

ಹೊಸಗಾಳ:
ಸೀಸ 60 ಗ್ರಾಂ, ದುಂಡನೆಯದು. ಬ್ಯಾಗ್ ಹೆಚ್ಚುಕಮ್ಮಿ ಟೆನಿಸ್ ಚೆಂಡಿನಷ್ಟು.

ಮಡುವಿನಮೀನು:
ಅಯ್ಯೋ! ಕೆರೆಯಲ್ಲಾದರೆ ನಡೆಯುತ್ತಿತ್ತು. ಹೊಳೆಯಲ್ಲಿ ಅಷ್ಟು ದೊಡ್ಡ ಬ್ಯಾಗ್ ಕರಗುವ ತನಕ ನೀರಿನ ಸೆಳೆತಕ್ಕೆ ಹಾಯಿಯಂತೆ ಎದೆಯೊಡ್ಡಿರುತ್ತದೆ. ದುಂಡನೆ ಸೀಸ ಅದರ ಜೊತೆಯಲ್ಲೇ ಉರುಳುತ್ತದೆ. ಉರುಳುವ ದಾರಿಯುದ್ದಕ್ಕೂ ಪೆಲೆಟ್ ಚೆಲ್ಲುತ್ತದೆ, ಕೊಕ್ಕೆ ಕೊನೆಗೆ ಎಲ್ಲೋ ಒಂಟಿಯಾಗಿ ನಿಲ್ಲುತ್ತದೆ. ಬ್ಯಾಗನ್ನು ನೆಲ್ಲಿಕಾಯಿ ಗಾತ್ರಕ್ಕೆ ಇಳಿಸಿ. ಸೀಸ ಚಪ್ಪಟೆಯದು, ಇದಕ್ಕಿಂತ ಭಾರದ್ದು ಹಾಕಿ. ಹಗುರ ಪುಡಿ ಬೇಡ, ಅದು ಸುಮ್ನೆ ಕೊಚ್ಚಿಹೋಗುತ್ತದೆ.

ದಡದವ:
ಇವರು ಹೇಳಿದ್ದು ಸರಿ, ನನಗೆ ಹೊಳೆದಿರಲಿಲ್ಲ. ಸೆಳೆತ ಜಾಸ್ತಿ ಇರುವ ಕಡೆ ನಾನು ಬ್ಯಾಗ್ ಬಿಟ್ಟು ಫೀಡರ್ (ಮೇವು ತುಂಬಿ ದಾರಕ್ಕೆ ಕಟ್ಟುವ ಪುಟ್ಟ ಗೂಡು) ಹಾಕುತ್ತೇನೆ. ಸೆಳೆತದ ಅಂಚಿನ ನಿಧಾನ ನೀರಿಗೆ ಮಾತ್ರ ಬ್ಯಾಗ್.

ಹೊಸಗಾಳ:
ಭಾನುವಾರದ ವರದಿ. ಕಾರ್ನ್ ಬಿಟ್ಟೆ, ಬಾಲ ಕತ್ತರಿಸಿದೆ, ಕೊಕ್ಕೆ ಪಕ್ಕೆಗೆ ಹಾಕಿದೆ, ಸೀಸ 110 ಗ್ರಾಂ ಚಪ್ಪಟೆ. ಹನ್ನೆರಡು ಸಲ ಎಸೆದೆ, ಒಂದೂ ಒಡೆಯಲಿಲ್ಲ. ಬಕೆಟ್‌ನಲ್ಲಿ ಮೂರು ನಿಮಿಷಕ್ಕೆ ಪೂರ್ತಿ ಕರಗಿತು, ಹೊಳೆಯಲ್ಲೂ ಕೊಕ್ಕೆ ಸ್ವಚ್ಛವಾಗಿ ಬಂತು. ನಿಧಾನ ನೀರಿನ ಅಂಚಿನಲ್ಲಿ ಒಂದು ಗೆಂಡೆ ಹಿಡಿದು ಬಿಟ್ಟೆ. ಮಧ್ಯಾಹ್ನ ಸಣ್ಣ ಮಳೆ ಬಂದು, ತೆರೆದಿಟ್ಟಿದ್ದ ಮೆಶ್ ಅಷ್ಟೂ ಒಂದೇ ಮುದ್ದೆಯಾಯಿತು. ಅದು ಮಾತ್ರ ನನ್ನದೇ ತಪ್ಪು.

ದಡದವ:
ಮುಚ್ಚಳ ಬಿಗಿಯಾಗಿರುವ ಡಬ್ಬಿ ತಗೊಳ್ಳಿ ಸ್ವಾಮಿ!