ಸ್ಪ್ಯಾಡಿನ್ ಪೆಪ್ಟೈಡ್: ಖಿನ್ನತೆಗೆ ಶೀಘ್ರ ಔಷಧವಾಗಬಲ್ಲದೇ?

ನರತಂತು:
ಫ್ಲುಯೋಕ್ಸೆಟಿನ್‌ನಂತಹ ಖಿನ್ನತೆ ನಿವಾರಕ ಮಾತ್ರೆಗಳ ಗುಣ ಕಾಣಲು ಹಲವು ವಾರ ಕಾಯಬೇಕಾಗುತ್ತದೆ. ಆದರೆ ದೇಹದ ಸಹಜ ಪ್ರೋಟೀನೊಂದರ ತುಣುಕಿನಿಂದ ರೂಪಿಸಿದ ಸ್ಪ್ಯಾಡಿನ್ ಎಂಬ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರುಸರಪಳಿ) ಇಲಿಗಳಲ್ಲಿ ನಾಲ್ಕೇ ದಿನಗಳಲ್ಲಿ ಅಂಥದೇ ಪರಿಣಾಮ ತೋರಿತೆಂದು ಓದಿದ್ದೇನೆ. ಈ ವೇಗಕ್ಕೆ ಕಾರಣವೇನು? ದೇಹದ್ದೇ ವಸ್ತುವಾದ್ದರಿಂದ ಅದು ನಿರಪಾಯಕಾರಿ ಎಂದುಕೊಳ್ಳಬಹುದೇ?

ಕೋಶವಾಸಿ:
ಸಾರ್ಟಿಲಿನ್ ಎಂಬ ಪ್ರೋಟೀನು ಪಕ್ವಗೊಳ್ಳುವಾಗ ಅದರಿಂದ 44 ಅಮೈನೋ ಆಮ್ಲಗಳ ತುಣುಕೊಂದು ಬೇರ್ಪಡುತ್ತದೆ; ಅದರೊಳಗಿನ 17 ಅಮೈನೋ ಆಮ್ಲಗಳ ಭಾಗವೇ ಸ್ಪ್ಯಾಡಿನ್. ಇದರ ಗುರಿ ನರಕೋಶದ ಪೊರೆಯಲ್ಲಿರುವ ಟ್ರೆಕ್-1 ಎಂಬ ಪೊಟ್ಯಾಸಿಯಂ ವಾಹಿನಿ. ಈ ವಾಹಿನಿ ತೆರೆದಿದ್ದಷ್ಟೂ ಪೊಟ್ಯಾಸಿಯಂ ಹೊರಹರಿದು ನರಕೋಶ ಮಂದವಾಗಿರುತ್ತದೆ. ಟ್ರೆಕ್-1 ವಂಶವಾಹಿ ಇಲ್ಲದ ಇಲಿಗಳು ಖಿನ್ನತೆಯ ಪರೀಕ್ಷೆಗಳಲ್ಲಿ ಔಷಧ ಪಡೆದ ಇಲಿಗಳಂತೆಯೇ ವರ್ತಿಸುತ್ತವೆಂದು ಫ್ರಾನ್ಸಿನ ಸಂಶೋಧಕರು 2006ರಲ್ಲಿ ತೋರಿಸಿದ್ದರು. ಆ ವಾಹಿನಿಯನ್ನು ಮುಚ್ಚುವ ಸ್ಪ್ಯಾಡಿನ್ ಕುರಿತ ವರದಿ 2010ರಲ್ಲಿ ಅಲ್ಲಿಂದಲೇ ಬಂತು.

ಇನ್ನು ವೇಗದ ವಿಚಾರ. ರೂಢಿಯ ಮಾತ್ರೆಗಳು ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಮಟ್ಟವನ್ನು ಬೇಗನೆ ಏರಿಸುತ್ತವಾದರೂ, ಆ ಏರಿಕೆಯನ್ನು ಗ್ರಹಿಸುವ ಸ್ವಗ್ರಾಹಕಗಳು ಸೆರೊಟೋನಿನ್ ನರಕೋಶಗಳಿಗೆ ಲಗಾಮು ಹಾಕುತ್ತವೆ, ಆ ಲಗಾಮು ಸಡಿಲವಾಗಲು ವಾರಗಳೇ ಬೇಕು ಎಂಬುದು ವಿಳಂಬಕ್ಕೆ ಕೊಡುವ ಮುಖ್ಯ ವಿವರಣೆ. ಸ್ಪ್ಯಾಡಿನ್ ಬೇರೆ ಬಾಗಿಲಿನಿಂದ ಪ್ರವೇಶಿಸಿ ಅದೇ ನರಕೋಶಗಳ ಚಟುವಟಿಕೆಯನ್ನು ಹೆಚ್ಚಿಸುತ್ತದೆ. ನಾಲ್ಕು ದಿನಗಳಲ್ಲೇ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹೊಸ ನರಕೋಶಗಳ ಹುಟ್ಟು ಹೆಚ್ಚಿದ್ದು ನನಗಂತೂ ಇನ್ನೂ ಕುತೂಹಲದ ಸಂಗತಿ.

ಸಾವಧಾನಿ:
ಸಹಜವಾದದ್ದೆಲ್ಲ ನಿರಪಾಯವಲ್ಲ. ಇನ್ಸುಲಿನ್ ಕೂಡ ದೇಹದ್ದೇ ಪೆಪ್ಟೈಡ್, ಪ್ರಮಾಣ ಮೀರಿದರೆ ಪ್ರಾಣಕ್ಕೇ ಎರವಾಗುತ್ತದೆ. ರಕ್ತಪೂರೈಕೆ ಕುಂದಿದಾಗ ಮಿದುಳನ್ನು ಕಾಪಾಡುವುದರಲ್ಲೂ ನೋವಿನ ಅರಿವಿನಲ್ಲೂ ಟ್ರೆಕ್-1ಕ್ಕೆ ಪಾತ್ರವಿರುವುದರಿಂದ ಅದನ್ನು ಮುಚ್ಚುವುದು ಹಗುರವಾದ ನಿರ್ಧಾರವಲ್ಲ. ಇಲಿಗಳಲ್ಲಿ ಅಂಥ ಹಾನಿ ಕಂಡಿಲ್ಲವೆಂಬ ವರದಿಗಳು ಸಮಾಧಾನ ಕೊಡುತ್ತವೆ, ಅಷ್ಟೇ. ಇನ್ನೊಂದು ತೊಡಕು ಎಂದರೆ, ನುಂಗಿದ ಪೆಪ್ಟೈಡನ್ನು ಜೀರ್ಣರಸಗಳು ಒಡೆದುಹಾಕುತ್ತವೆ, ಚುಚ್ಚಿದರೂ ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹೆಚ್ಚು ಬಾಳುವ, ಏಳೇ ಅಮೈನೋ ಆಮ್ಲಗಳ ಕಿರುರೂಪವೊಂದನ್ನು ಸಂಶೋಧಕರು ರೂಪಿಸಿದ್ದು ಇದೇ ಕಾರಣಕ್ಕೆ.

ನರತಂತು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಇಲಿಗಳ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬೇಕು?

ಸಾವಧಾನಿ:
ನೀರಿಗೆ ಬಿಟ್ಟ ಇಲಿ ಎಷ್ಟು ಹೊತ್ತು ಈಜುವುದನ್ನು ಬಿಟ್ಟು ನಿಶ್ಚಲವಾಗಿರುತ್ತದೆ ಎಂಬುದನ್ನು ಅಳೆಯುವ ಪರೀಕ್ಷೆಯಿಂದ ಮನುಷ್ಯನ ಖಿನ್ನತೆಯವರೆಗಿನ ದಾರಿ ಬಹಳ ದೂರ. ನಾಲ್ಕು ಅಮೈನೋ ಆಮ್ಲಗಳ ರ‍್ಯಾಪಾಸ್ಟಿನೆಲ್ ಎಂಬ ಮತ್ತೊಂದು ಪೆಪ್ಟೈಡ್ ಪ್ರಾಣಿಗಳಲ್ಲಷ್ಟೇ ಅಲ್ಲ, ರೋಗಿಗಳ ಆರಂಭಿಕ ಪ್ರಯೋಗದಲ್ಲೂ ಶೀಘ್ರ ಫಲ ತೋರಿತ್ತು. ಆದರೂ 2019ರಲ್ಲಿ ಮೂರನೆಯ ಹಂತದ ಪ್ರಯೋಗಗಳಲ್ಲಿ ಅದು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಎಸ್ಕೆಟಮಿನ್ ಎಂಬ, ಬೇಗ ಗುಣ ತೋರುವ ಖಿನ್ನತೆ ನಿವಾರಕದ ಮೂಗಿನ ಸಿಂಪಡಣೆಗೆ ಒಪ್ಪಿಗೆ ದೊರೆತದ್ದರಿಂದ, ಮನುಷ್ಯರಲ್ಲಿಯೂ ಶೀಘ್ರ ಪರಿಣಾಮ ಸಾಧ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಸ್ಪ್ಯಾಡಿನ್ ವಿಷಯದಲ್ಲಿ ಮಾತ್ರ, ರೋಗಿಗಳ ಮೇಲಿನ ಪ್ರಯೋಗದ ಫಲಿತಾಂಶ ಕೈಸೇರುವವರೆಗೆ ನಾನು ಅದನ್ನು ಔಷಧವೆಂದು ಕರೆಯಲಾರೆ.