ಸೆಕಿರೋಗೆ ಕೀಬೋರ್ಡ್ ಸಾಕಾ, ಕಂಟ್ರೋಲರ್ ಬೇಕೇ ಬೇಕಾ?

ಕತ್ತಿಮೊನೆ (ಪ್ರಶ್ನೆ):

ಸೆಕಿರೋ ಅನ್ನುವ ಕತ್ತಿವರಸೆಯ ಗೇಮ್ ಆಡುತ್ತಿದ್ದೇನೆ, ಕೀಬೋರ್ಡ್ ಮತ್ತು ಮೌಸ್‌ನಲ್ಲಿ. ಅಶಿನಾ ಕೋಟೆಯ ತುದಿಯಲ್ಲಿ ಗೆನಿಚಿರೋ ಅನ್ನುವ ಬಾಸ್ (ದೊಡ್ಡ ಶತ್ರು) ಎದುರು ನಿಂತುಬಿಟ್ಟಿದ್ದೇನೆ. ಅವನ ಸಾಮಾನ್ಯ ಹೊಡೆತಗಳನ್ನೆಲ್ಲ ಡಿಫ್ಲೆಕ್ಟ್ ಮಾಡುವುದು (ತಾಗುವ ಕ್ಷಣಕ್ಕೆ ಸರಿಯಾಗಿ ಕತ್ತಿಯಿಂದ ತಡೆಯುವುದು) ಕೈಗೆ ಬಂದಿದೆ. ತೊಂದರೆ ಇರುವುದು ಅಪಾಯದ ಹೊಡೆತದ ಎಚ್ಚರಿಕೆಯಾಗಿ ಕೆಂಪು ಅಕ್ಷರ ಮಿನುಗಿದಾಗ. ಚುಚ್ಚಲು ಬಂದರೆ ಶಿಫ್ಟ್ (ಡಾಡ್ಜ್, ಅಂದರೆ ಸರಕ್ಕನೆ ಸರಿಯುವ ಕೀ) ಒತ್ತಿ ಮಿಕಿರಿ (ಚುಚ್ಚುವ ಆಯುಧವನ್ನು ಕಾಲಲ್ಲಿ ತುಳಿಯುವ ವರಸೆ) ಮಾಡಬೇಕು, ಕಾಲಿಗೆ ಬೀಸಿದರೆ ಸ್ಪೇಸ್ ಒತ್ತಿ ಹಾರಬೇಕು. ಯಾವುದು ಬರುತ್ತಿದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಎಡಗೈ ಕಿರುಬೆರಳು ಮಾತ್ರ ಶಿಫ್ಟ್‌ಗೆ ಹೋಗುವುದು ತಡ. ಸ್ವಲ್ಪ ಹೊತ್ತು ಆಡಿದರೆ ಅದೇ ಬೆರಳು ನೋಯುತ್ತದೆ ಕೂಡ.

ಗೆಳೆಯರೆಲ್ಲ "ಇಂಥ ಗೇಮ್ ಕೀಬೋರ್ಡ್‌ನಲ್ಲಿ ಆಡೋದಲ್ಲ" ಅನ್ನುತ್ತಾರೆ. ಒಬ್ಬರು ತಮ್ಮ ಕಂಟ್ರೋಲರ್ ಕೊಡುತ್ತೇನೆ ಅಂತಲೂ ಹೇಳಿದ್ದಾರೆ. ಇದು ಮುಗಿದ ಮೇಲೆ ಎಲ್ಡೆನ್ ರಿಂಗ್ ಮತ್ತು ಹಾಲೋ ನೈಟ್ ಆಡುವ ಆಸೆ ಇದೆ. ಈಗಲೇ ಕಂಟ್ರೋಲರ್‌ಗೆ ಬದಲಾಗಲಾ? ಎರಡರಲ್ಲೂ ಆಡಿದವರು ಹೇಳಿ.

ಮಿಂಚುಹುಳ:

ಕಂಟ್ರೋಲರ್ ತೊಗೊಳ್ಳಿ, ಜಾಸ್ತಿ ಯೋಚನೆ ಬೇಡ. ಹೆಬ್ಬೆರಳಲ್ಲಿ ತಳ್ಳುವ ಸ್ಟಿಕ್ ಇದ್ದರೆ ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು, ಸ್ವಲ್ಪ ತಳ್ಳಿದರೆ ನಡಿಗೆ, ಪೂರ್ತಿ ತಳ್ಳಿದರೆ ಓಟ. ಕೀಬೋರ್ಡ್‌ನಲ್ಲಿ ಎಂಟೇ ದಿಕ್ಕು. ಈ ಗೇಮ್‌ಗಳನ್ನು ಮಾಡಿದವರೇ ಕಂಟ್ರೋಲರ್ ಮನಸ್ಸಲ್ಲಿಟ್ಟುಕೊಂಡು ಮಾಡಿರುತ್ತಾರೆ, ಅಲ್ವಾ?

ಎರಡುಕೈ:

ಕತ್ತಿಮೊನೆ ಅವರೇ, ಗೆನಿಚಿರೋ ಮುಗಿಯುವವರೆಗೆ ದಯವಿಟ್ಟು ಬದಲಾಗಬೇಡಿ. ಡಿಫ್ಲೆಕ್ಟ್ ಆಗಲೇ ಕೈಗೆ ಬಂದಿದೆ ಅಂತ ನೀವೇ ಬರೆದಿದ್ದೀರಿ. ಆ ಗೇಮ್‌ನಲ್ಲಿ ಕಷ್ಟದ ಕೆಲಸ ಅದೇ. ಈಗ ಕಂಟ್ರೋಲರ್ ಹಿಡಿದರೆ ಅದನ್ನೂ ಮೊದಲಿನಿಂದ ಕಲಿಯಬೇಕು, ಅದೂ ಗೇಮ್‌ನ ಅತಿ ಕಟ್ಟುನಿಟ್ಟಾದ ಬಾಸ್‌ಗಳಲ್ಲಿ ಒಬ್ಬನ ಎದುರು.

ನಾನು ಸೆಕಿರೋವನ್ನು ಎರಡರಲ್ಲೂ ಮುಗಿಸಿದ್ದೇನೆ. ಡಿಫ್ಲೆಕ್ಟ್‌ಗೆ ನನ್ನ ಮತ ಮೌಸ್‌ಗೇ. ಎಡ ಕ್ಲಿಕ್ ಹೊಡೆತ, ಬಲ ಕ್ಲಿಕ್ ತಡೆ. ಎರಡು ಬೆರಳು ಎರಡು ಬಟನ್ ಮೇಲೆ ಸದಾ ಕೂತಿರುತ್ತವೆ, ಕ್ಲಿಕ್ ಕೂಡ ಚಿಕ್ಕದು. ಇನ್ನು ಎಂಟು ದಿಕ್ಕಿನ ವಿಷಯ. ಸೆಕಿರೋದಲ್ಲಿ ಶತ್ರುವಿನ ಮೇಲೆ ಲಾಕ್-ಆನ್ ಹಾಕಿ (ಕ್ಯಾಮೆರಾ ಅವನ ಕಡೆಗೇ ನಿಲ್ಲುವಂತೆ ಮಾಡಿ) ಎದುರಿಗೇ ನಿಂತು ಹೋರಾಡುತ್ತೀರಿ. ಅಲ್ಲಿ ಎಂಟು ದಿಕ್ಕು ಧಾರಾಳವಾಗಿ ಸಾಕು.

ನಿಮ್ಮ ತೊಂದರೆ ಕೀಬೋರ್ಡ್‌ನದ್ದಲ್ಲ, ಶಿಫ್ಟ್‌ನದ್ದು. ಕಿರುಬೆರಳು ಕೈಯಲ್ಲೇ ಬಡಪಾಯಿ. ಅದಕ್ಕೆ ಗೇಮ್‌ನ ಅತಿ ತುರ್ತಿನ ಕೆಲಸ ಕೊಡಬಾರದು. ಮೌಸ್‌ನ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವ ಬಟನ್ ಇದ್ದರೆ ಡಾಡ್ಜ್ ಅಲ್ಲಿಗೆ ಹಾಕಿ. ಆಗ ಹಾರುವುದು ಎಡ ಹೆಬ್ಬೆರಳಿಗೆ, ಮಿಕಿರಿ ಬಲ ಹೆಬ್ಬೆರಳಿಗೆ. ಎರಡು ಬೇರೆ ಕೈ ಆದ ಕೂಡಲೇ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಅಂಥ ಬಟನ್ ಇಲ್ಲದಿದ್ದರೆ ಎಡ ತೋರುಬೆರಳಿಗೆ ಹತ್ತಿರದ ಒಂದು ಕೀ ಕೊಡಿ. ಇನ್ನೊಂದು ಮಾತು: ಮಿಕಿರಿಗೆ ದಿಕ್ಕಿನ ಕೀ ಒತ್ತಲೇಬೇಕು ಅಂತಿಲ್ಲ. ಸುಮ್ನೆ ಡಾಡ್ಜ್ ಒಂದೇ ಒತ್ತಿದರೂ ಆಗುತ್ತದೆ, ಮುಂದಕ್ಕೆ ಒತ್ತಿಕೊಂಡಿದ್ದರೂ ಆಗುತ್ತದೆ. ಹಿಂದಕ್ಕೋ ಪಕ್ಕಕ್ಕೋ ಒತ್ತಿದ್ದರೆ ಮಾತ್ರ ಆಗಲ್ಲ. ಹೆದರಿ ಹಿಂದೆ ಸರಿಯುತ್ತಾ ಶಿಫ್ಟ್ ಒತ್ತುವವರಿಗೆ ಬೆರಳು ಸರಿಯಾದ ಹೊತ್ತಿಗೆ ಹೋಗಿದ್ದರೂ ಚುಚ್ಚು ತಾಗುತ್ತದೆ. ನಿಮಗೂ ಹೀಗೇ ಆಗುತ್ತಿದೆಯಾ, ಒಮ್ಮೆ ಗಮನಿಸಿ.

"ಕಂಟ್ರೋಲರ್ ಇಲ್ಲದೆ ಆಗಲ್ಲ" ಅನ್ನುವ ಮಾತು ಇಷ್ಟು ಗಟ್ಟಿಯಾಗಿ ಬೇರುಬಿಡಲು ಒಂದು ಕಾರಣವೂ ಇದೆ. 2012ರಲ್ಲಿ ಸೆಕಿರೋ ಮಾಡಿದವರದೇ ಡಾರ್ಕ್ ಸೋಲ್ಸ್ ಪಿಸಿಗೆ ಬಂದಾಗ ಕೀಬೋರ್ಡ್-ಮೌಸ್‌ನಲ್ಲಿ ಆಡುವುದು ನಿಜಕ್ಕೂ ಹಿಂಸೆಯಾಗಿತ್ತು. ಪರದೆ ಮೇಲೆ ಎಕ್ಸ್‌ಬಾಕ್ಸ್ ಬಟನ್‌ಗಳ ಚಿತ್ರವೇ ಬರುತ್ತಿತ್ತು, ಮೌಸ್‌ನಲ್ಲಿ ಕ್ಯಾಮೆರಾ ನೆಟ್ಟಗೆ ತಿರುಗುತ್ತಿರಲಿಲ್ಲ. ಆಡುವವರೇ ಮಾಡ್ (ಗೇಮ್ ತಿದ್ದುವ ಪುಟ್ಟ ಪ್ರೋಗ್ರಾಂ) ಬರೆದು ಸರಿಮಾಡಿಕೊಂಡರು. ಆಗ ಆ ಸಲಹೆ ಸರಿ ಇತ್ತು. ಸೆಕಿರೋ 2019ರದ್ದು, ಅಷ್ಟು ಹೊತ್ತಿಗೆ ಪರಿಸ್ಥಿತಿ ಬಹಳ ಸುಧಾರಿಸಿತ್ತು.

ಎಲ್ಡೆನ್ ರಿಂಗ್‌ಗೆ ಮಾತ್ರ ನಾನೂ ಕಂಟ್ರೋಲರ್ ಹಿಡಿಯಿರಿ ಅನ್ನುತ್ತೇನೆ. ಅಲ್ಲಿ ತಡೆದು ನಿಲ್ಲುವುದಕ್ಕಿಂತ ಉರುಳಿ ತಪ್ಪಿಸಿಕೊಳ್ಳುವುದೇ ಜಾಸ್ತಿ. ದೊಡ್ಡ ಬಾಸ್‌ಗಳ ಹತ್ತಿರ ಲಾಕ್-ಆನ್ ಬಿಟ್ಟು ಕಾಲಡಿ ಸುತ್ತಬೇಕಾಗುತ್ತದೆ. ಕುದುರೆ ಮೇಲೆ ಅರ್ಧವೃತ್ತ ಹೊಡೆದು ಬರುವಾಗ ಸ್ಟಿಕ್‌ನ ಬೆಲೆ ಗೊತ್ತಾಗುತ್ತದೆ. ಮತ್ತೆ ಒಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ: ಅಲ್ಲಿ ಉರುಳುವ ಬಟನ್ನೇ ಓಡುವ ಬಟನ್ ಕೂಡ. ನೀವು ಒತ್ತಿಹಿಡಿಯುತ್ತೀರೋ ಬಿಡುತ್ತೀರೋ ಅಂತ ಗೇಮ್ ಕಾಯುತ್ತದೆ. ಅದಕ್ಕೇ ಪಾತ್ರ ಉರುಳುವುದು ಬಟನ್ ಒತ್ತಿದಾಗ ಅಲ್ಲ, ಬಿಟ್ಟಾಗ. ಗಾಬರಿಯಲ್ಲಿ ಸ್ಪೇಸ್‌ಬಾರ್ ಗಟ್ಟಿಯಾಗಿ ಒತ್ತಿ ಹಿಡಿದವರಿಗೆ ಪ್ರತಿ ಉರುಳೂ ತಡ. ಕಂಟ್ರೋಲರ್‌ನಲ್ಲೂ ನಿಯಮ ಇದೇ, ಆದರೆ ಆ ಚಿಕ್ಕ ಬಟನ್ ಅನ್ನು ತಟ್ಟಿ ಬಿಡುವುದು ನನಗಂತೂ ಸಲೀಸು. ಯಾವುದರಲ್ಲಿ ಆಡಿದರೂ ತಟ್ಟಿ ಬಿಡುವುದನ್ನು ಅಭ್ಯಾಸ ಮಾಡಿ.

ಹಾಲೋ ನೈಟ್‌ಗೆ ಕೀಬೋರ್ಡ್ ಚೆನ್ನ. ಗಾಳಿಯಲ್ಲಿದ್ದಾಗ ಕೆಳಗೆ ಹೊಡೆದು ಮುಳ್ಳಿನ ಮೇಲೆ ಪುಟಿಯಬೇಕಾದ ಜಾಗಗಳಿವೆ. ಸ್ಟಿಕ್ ಸ್ವಲ್ಪ ವಾರೆಯಾದರೆ ಹೊಡೆತ ಪಕ್ಕಕ್ಕೆ ಹೋಗಿ ನೀವು ಮುಳ್ಳಿಗೆ ಬೀಳುತ್ತೀರಿ. ಬಾಣದ ಕೀಯಲ್ಲಿ ಕೆಳಗೆ ಅಂದರೆ ಕೆಳಗೇ. ಸೆಲೆಸ್ಟ್ ಅನ್ನುವ ಗೇಮ್‌ಗೂ ಇದೇ ಮಾತು. ಅಲ್ಲಿ ಡ್ಯಾಶ್ (ರಪ್ಪನೆ ನುಗ್ಗುವುದು) ಇರುವುದೇ ಎಂಟು ದಿಕ್ಕಿಗೆ.

ಮಿಂಚುಹುಳ:

ಮೌಸ್ ಬಟನ್ ವಿಷಯ ಒಪ್ಪಿದೆ, ಡಿಫ್ಲೆಕ್ಟ್‌ಗೆ ಚೆನ್ನಾಗಿರುತ್ತದೆ. ಆದರೆ ಡೆವಿಲ್ ಮೇ ಕ್ರೈ 5 ತರಹದ್ದಕ್ಕೆ ನಾನು ಕಂಟ್ರೋಲರ್ ಬಿಡಲ್ಲ. ಲಾಕ್ ಹಿಡಿದುಕೊಂಡು ಹಿಂದೆ-ಮುಂದೆ ಅಂತ ಸ್ಟಿಕ್ ಆಡಿಸಿ ಹೊಡೆಯುವ ವರಸೆಗಳು ಹೆಬ್ಬೆರಳಿಗೇ ಹೇಳಿಮಾಡಿಸಿದ್ದು.

ಕೀಲಿಮಣೆ:

ಹಾಲೋ ನೈಟ್ ಕೀಬೋರ್ಡ್‌ನಲ್ಲಿ ಆಡುವ ಮುಂಚೆ ಒಂದು ಪರೀಕ್ಷೆ ಮಾಡಿ. ನೋಟ್‌ಪ್ಯಾಡ್ ತೆರೆದು ಎಡ ಬಾಣ ಮತ್ತು ಕೆಳ ಬಾಣ ಒತ್ತಿಹಿಡಿಯಿರಿ. ಹಾಗೇ ಹಿಡಿದುಕೊಂಡು ಆ ಗೇಮ್‌ನಲ್ಲಿ ಹಾರಲು, ಹೊಡೆಯಲು, ಡ್ಯಾಶ್ ಮಾಡಲು ಇರುವ ಝಡ್, ಎಕ್ಸ್, ಸಿ ಒಂದೊಂದಾಗಿ ಒತ್ತಿ. ಬಲ ಬಾಣ, ಮೇಲಿನ ಬಾಣದ ಜೊತೆಗೂ ನೋಡಿ. ಯಾವುದಾದರೂ ಅಕ್ಷರ ಮೂಡದಿದ್ದರೆ ನಿಮ್ಮ ಕೀಬೋರ್ಡ್ ಆ ಮೂರು ಕೀಗಳನ್ನು ಒಟ್ಟಿಗೆ ಗುರುತಿಸುತ್ತಿಲ್ಲ ಅಂತ. ಸಾಧಾರಣ ಕೀಬೋರ್ಡ್‌ಗಳಲ್ಲಿ ಇದು ಮಾಮೂಲಿ. ಆಡುವಾಗ "ಒತ್ತಿದೆ, ಆದರೂ ಹಾರಲಿಲ್ಲ" ಅನ್ನಿಸುತ್ತದೆ, ನಿಜವಾಗಿಯೂ ನೀವು ಒತ್ತಿರುತ್ತೀರಿ. ಹೊಸದು ಕೊಳ್ಳುವ ಮುಂಚೆ ಕೀ ಬದಲಾಯಿಸಿ ನೋಡಿ, ಬೇರೆ ಜೋಡಿಗೆ ಸರಿಹೋಗಬಹುದು.

ಕತ್ತಿಮೊನೆ:

ಎಲ್ಲರಿಗೂ ಧನ್ಯವಾದ. ಡಾಡ್ಜ್ ಅನ್ನು ಮೌಸ್ ಪಕ್ಕದ ಬಟನ್‌ಗೆ ಹಾಕಿದೆ. ಗೆನಿಚಿರೋ ಇನ್ನೂ ಬಿದ್ದಿಲ್ಲ, ಆದರೆ ಮಿಕಿರಿ ಈಗ ಸರಿಯಾಗಿ ಆಗುತ್ತಿದೆ, ಬೆರಳು ನೋವೂ ಇಲ್ಲ. ಎರಡುಕೈ ಅವರು ಹೇಳಿದ್ದು ಸರಿ, ಹೆದರಿದಾಗ ಹಿಂದಕ್ಕೆ ಹೋಗುವ ಎಸ್ ಕೀ ಒತ್ತಿಕೊಂಡೇ ಇರುತ್ತೇನೆ. ಗೆನಿಚಿರೋ ಮೂರನೇ ಹಂತದಲ್ಲಿ ಬಿಡುವ ಮಿಂಚಿಗೂ ಏನಾದರೂ ಹೇಳಿ. ಎಲ್ಡೆನ್ ರಿಂಗ್‌ಗೆ ಗೆಳೆಯರ ಕಂಟ್ರೋಲರ್ ತರುತ್ತೇನೆ, ಅದರ ಎಡ ಸ್ಟಿಕ್ ಮುಟ್ಟದಿದ್ದರೂ ಪಾತ್ರ ನಿಧಾನಕ್ಕೆ ತಾನೇ ನಡೆಯುತ್ತದಂತೆ. ಪರವಾಗಿಲ್ವಾ?

ಎರಡುಕೈ:

ಅದು ಡ್ರಿಫ್ಟ್, ಸ್ಟಿಕ್ ಒಳಗೆ ಸವೆದಿದೆ. ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಝೋನ್ (ಸ್ಟಿಕ್‌ನ ಎಷ್ಟು ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನುವ ಮಿತಿ) ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಪಾತ್ರ ನಿಂತ ಕೂಡಲೇ ಅಲ್ಲಿಗೇ ಬಿಡಿ. ತೀರಾ ಜಾಸ್ತಿ ಮಾಡಿದರೆ ಮೆಲ್ಲಗೆ ನಡೆಯುವುದು ಕಷ್ಟವಾಗುತ್ತದೆ. ಮುಂದೆ ನಿಮ್ಮದೇ ಕೊಳ್ಳುವಾಗ ಹಾಲ್ ಎಫೆಕ್ಟ್ ಸ್ಟಿಕ್ ಇರುವುದನ್ನು ನೋಡಿ. ಅದು ಅಯಸ್ಕಾಂತದಿಂದ ಕೆಲಸ ಮಾಡುತ್ತದೆ, ಒಳಗೆ ಉಜ್ಜಿ ಸವೆಯುವ ಪಟ್ಟಿ ಇರುವುದಿಲ್ಲ.

ಮಿಂಚು ಬರುವಾಗ ಸ್ಪೇಸ್ ಒತ್ತಿ ಹಾರಿ. ಗಾಳಿಯಲ್ಲೇ ಮಿಂಚು ತಾಗಲಿ, ಕಾಲು ನೆಲ ಮುಟ್ಟುವ ಮೊದಲು ಎಡ ಕ್ಲಿಕ್ ಮಾಡಿ. ಅವನ ಮಿಂಚು ಅವನಿಗೇ ಹೋಗುತ್ತದೆ.