ಕಾಯ್ದೆಯಲ್ಲಿ ಇರುವುದು ‘ಮಗು’ ಎಂಬ ಪದ

ಭಾನುವಾರ ಸುರತ್ಕಲ್ ಚಿಕ್ಕಪ್ಪ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಹಳೇ ಸುದ್ದಿ ಹಾಕಿದರು. ಮ್ಯಾನ್ಮಾರ್ ಬಿಟ್ಟು ಬಂದ ರೋಹಿಂಗ್ಯಾ ಮಕ್ಕಳ ಶಾಲೆ ಬಗ್ಗೆ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಮಧ್ಯಾಹ್ನದವರೆಗೂ ಮಾತು ನಿಲ್ಲಲಿಲ್ಲ.

ಚಿಕ್ಕಪ್ಪ: ನಮ್ಮ ಕನ್ನಡ ಶಾಲೆಗೇ ಮೇಷ್ಟ್ರಿಲ್ಲ. ಹೊರಗಿನವರ ಮಕ್ಕಳಿಗೆ ನಮ್ಮ ತೆರಿಗೆ ದುಡ್ಡು ಯಾಕೆ?

ನಾನು: ಮೇಷ್ಟ್ರಿಲ್ಲ ಅನ್ನುವುದು ನಿಜ ಚಿಕ್ಕಪ್ಪ. ಅದಕ್ಕೆ ಆ ಮಕ್ಕಳು ಕಾರಣ ಅಲ್ಲ ಅಲ್ವಾ? ಸುದ್ದಿ ಪೂರ್ತಿ ಓದಿ. ದೆಹಲಿಯ ಆ ಮಕ್ಕಳು ಮೊದಲು ಸರ್ಕಾರಿ ಶಾಲೆಗೆ ಹೋಗಿ ಕೇಳಲಿ, ಸೇರಿಸದಿದ್ದರೆ ಹೈಕೋರ್ಟಿಗೆ ಹೋಗಲಿ ಅಂತ ಸುಪ್ರೀಂ ಕೋರ್ಟ್ ಅಂದಿದೆ. ಅಷ್ಟೇ.

ಕದ್ರಿ ಭಾವ: 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಯೇ ಹಾಕಿಲ್ಲ ಮಾರಾಯ. ಹಕ್ಕು ಎಲ್ಲಿಂದ ಬಂತು?

ನಾನು: ನಮ್ಮ ಸಂವಿಧಾನದಿಂದಲೇ. ವಾಕ್ ಸ್ವಾತಂತ್ರ್ಯದ 19ನೇ ವಿಧಿ ‘ನಾಗರಿಕರಿಗೆ’ ಅನ್ನುತ್ತದೆ. ಶಿಕ್ಷಣದ 21ಎ ವಿಧಿಯಲ್ಲಿ ಆ ಪದ ಇಲ್ಲ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಅಂತಿದೆ. ಶಿಕ್ಷಣ ಹಕ್ಕಿನ 2009ರ ಆರ್‌ಟಿಇ ಕಾಯ್ದೆಯಲ್ಲೂ ‘ಮಗು’ ಅಂತಲೇ ಇದೆ.

ಚಿಕ್ಕಪ್ಪ: ಇವತ್ತು ಶಾಲೆ, ನಾಳೆ ಪೌರತ್ವ.

ನಾನು: ಶಾಲೆ ಸೇರಿದರೆ ಪೌರತ್ವ ಸಿಗುವುದಿಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಇಲ್ಲೇ ಹುಟ್ಟಿದರೂ, ಅಪ್ಪ ಅಮ್ಮನಲ್ಲಿ ಒಬ್ಬರು ಅಕ್ರಮ ವಲಸಿಗರಾದರೆ ಮಗು ಇಲ್ಲಿನ ಪ್ರಜೆ ಆಗುವುದಿಲ್ಲ. ಅತ್ತ ಮ್ಯಾನ್ಮಾರ್ ತನ್ನ 1982ರ ಪೌರತ್ವ ಕಾನೂನಿನಲ್ಲಿ ರೋಹಿಂಗ್ಯಾಗಳನ್ನು ಹೊರಗಿಟ್ಟಿದೆ. ಆ ಮಗು ಒಂದನೇ ಕ್ಲಾಸಿಗೆ ಎಲ್ಲಿಗೆ ಹೋಗಬೇಕು, ನೀವೇ ಹೇಳಿ.

ಮಲ್ಪೆ ಅತ್ತೆ: ನಾನು ಟೀಚರ್ ಆಗಿದ್ದಾಗ ನೋಡಿದ್ದು ಹೇಳುತ್ತೇನೆ. ಬಂದರಿನ ಕೆಲಸಕ್ಕೆ ಕೊಪ್ಪಳ ಕಡೆಯಿಂದ ಬಂದವಳು, ನಮ್ಮ ರಾಜ್ಯದವಳೇ. ಜನನ ಪತ್ರ ಇಲ್ಲ ಅಂತ ಅವಳ ಮಗನನ್ನು ಒಂದು ಶಾಲೆಯಲ್ಲಿ ಸೇರಿಸಲಿಲ್ಲ. ಮೂರು ಸಲ ಬಂದಳು. ಆಮೇಲೆ ಬರಲಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತ ಯಾವ ಮಗುವನ್ನೂ ವಾಪಸ್ ಕಳಿಸುವ ಹಾಗಿಲ್ಲ, ಅದೇ ಆರ್‌ಟಿಇ ಕಾಯ್ದೆಯ 14ನೇ ಸೆಕ್ಷನ್ ಓದಿ. ಆ ಹುಡುಗನ ಮುಖ ಈಗಲೂ ಕಣ್ಣ ಮುಂದಿದೆ. ಕಾಗದ ಇಲ್ಲದ ಮಗು ಅಂದರೆ ನನಗೆ ಅವನೇ.

ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ.

ಭಾವ: ಆಧಾರ್ ಬೇಡವಾ ಹಾಗಾದರೆ?

ನಾನು: ಶಾಲೆ ಸೇರಲು ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟಿನ 2018ರ ಆಧಾರ್ ತೀರ್ಪಿನಲ್ಲೇ ಇದೆ ಭಾವ. ಮೈಸೂರಿಗೆ ಹೋಗುವಾಗ ಬೈಲಕುಪ್ಪೆಯಲ್ಲಿ ಇಳಿಯುತ್ತೇವಲ್ಲ, ಟಿಬೆಟ್‌ನಿಂದ ಬಂದವರ ಮಕ್ಕಳಿಗೆ ಅಂತಲೇ ಕೇಂದ್ರ ಸರ್ಕಾರ 1961ರಲ್ಲಿ ಶಾಲೆಗಳ ವ್ಯವಸ್ಥೆ ಮಾಡಿತು. ನಮಗೆ ಇದು ಹೊಸತಲ್ಲ.

ಚಿಕ್ಕಪ್ಪ: ಸರಿ. 14 ತುಂಬಿದ ಮೇಲೆ?

ನಾನು: ಈ ಕಾಯ್ದೆ ಎಂಟನೇ ಕ್ಲಾಸಿನವರೆಗೆ ಮಾತ್ರ ಚಿಕ್ಕಪ್ಪ. ಆಮೇಲಿನದು ನನಗೂ ಚಿಂತೆಯೇ.